ಮರ ನಿಂತಿದ್ದರೆ ಯಾರಿಗೆ ಲಾಭ? ಉಷ್ಣವಲಯದ ಕಾಡು, ನಾಟಾ ಮತ್ತು ಕಾನೂನು

ಬೆಂಗಳೂರಿನಲ್ಲಿ ಮನೆ ಕಟ್ಟಿಸುವವರು ಬಾಗಿಲು, ಚೌಕಟ್ಟಿಗೆಂದು ಟಿಂಬರ್ ಡಿಪೋಗೆ ಹೋದರೆ ಕಿವಿಗೆ ಬೀಳುವ ಹೆಸರುಗಳು ಇವು: ಘಾನಾ ಟೀಕ್, ನೈಜೀರಿಯಾ ಟೀಕ್, ಈಕ್ವೆಡಾರ್ ಟೀಕ್, ಮಲೇಷಿಯನ್ ಸಾಲ್. ದಾಂಡೇಲಿ ತೇಗವೇ ಬೇಕೆಂದು ಹಟ ಹಿಡಿದರೆ ಅದೂ ಸಿಗುತ್ತದೆ, ಆದರೆ ದರ ಕೇಳಿದ ಮೇಲೆ ಹೆಚ್ಚಿನವರು ಘಾನಾಕ್ಕೇ ಒಪ್ಪಿಕೊಳ್ಳುತ್ತಾರೆ. ತಮಾಷೆಯೆಂದರೆ ತೇಗದ ತವರು ಆಫ್ರಿಕಾವೂ ಅಲ್ಲ, ದಕ್ಷಿಣ ಅಮೆರಿಕವೂ ಅಲ್ಲ; ಭಾರತ, ಮ್ಯಾನ್ಮಾರ್, ಥಾಯ್ಲೆಂಡ್, ಲಾವೋಸ್. ನಮ್ಮ ಕಡೆಯ ಮರ ಸಮುದ್ರ ದಾಟಿ ಹೋಗಿ, ಅಲ್ಲಿ ನೆಡುತೋಪಾಗಿ ಬೆಳೆದು, ಈಗ ಕಂಟೇನರ್ ಹತ್ತಿ ವಾಪಸ್ ಬರುತ್ತಿದೆ. ಇದರ ಹಿಂದೆ ಮಾರುಕಟ್ಟೆಯಷ್ಟೇ ಕಾನೂನಿನ ಕೈವಾಡವೂ ಇದೆ.

1988ರ ರಾಷ್ಟ್ರೀಯ ಅರಣ್ಯ ನೀತಿ ಕಾಡನ್ನು ಆದಾಯದ ಮೂಲವಾಗಿ ನೋಡುವುದನ್ನು ಬಿಡಬೇಕು ಎಂದಿತು. ಮರ ಆಧಾರಿತ ಕಾರ್ಖಾನೆಗಳು ತಮಗೆ ಬೇಕಾದ ಮರವನ್ನು ರೈತರಿಂದ ಬೆಳೆಸಿಕೊಳ್ಳಲಿ ಎಂದೂ ಹೇಳಿತು. ಅದಾಗಿ ಎಂಟು ವರ್ಷಕ್ಕೆ, 1996ರ ಡಿಸೆಂಬರ್ 12ರಂದು, ಗೋದವರ್ಮನ್ ತಿರುಮುಲ್ಪಾಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು. ದಾಖಲೆಯಲ್ಲಿ ಮಾಲೀಕ ಯಾರೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿರುವುದೆಲ್ಲ ಕಾಡೇ. ಕೇಂದ್ರ ಒಪ್ಪಿದ ಕಾರ್ಯಯೋಜನೆ ಇಲ್ಲದೆ ಎಲ್ಲೂ ಮರ ಕಡಿಯುವಂತಿಲ್ಲ. ಈಶಾನ್ಯ ರಾಜ್ಯಗಳಿಂದ ನಾಟಾ ಹೊರಹೋಗುವುದು ನಿಂತಿತು, ಅಲ್ಲಿನ ಸಾಮಿಲ್‌ಗಳಿಗೆ ಬೀಗ ಬಿತ್ತು.

ಕಾಡಿಗೆ ಉಸಿರಾಡಲು ಅವಕಾಶವಾಯಿತು, ನಿಜ. ಆದರೆ ಬಾಗಿಲು, ಮಂಚ, ಪ್ಲೈವುಡ್ ಕೊಳ್ಳುವುದನ್ನು ಯಾರೂ ನಿಲ್ಲಿಸಲಿಲ್ಲ. ಆಮದು ಏರಿತು, ಉಷ್ಣವಲಯದ ದಿಮ್ಮಿ ಕೊಳ್ಳುವ ದೇಶಗಳಲ್ಲಿ ಭಾರತ ಚೀನಾದ ಬೆನ್ನಿಗೆ ಬಂದು ನಿಂತಿತು. ಮಲೇಷಿಯಾದ ಸರವಾಕ್ ಮತ್ತು ಮ್ಯಾನ್ಮಾರ್‌ನ ಕಾಡುಗಳ ದಿಮ್ಮಿಗಳು ನಮ್ಮ ಬಂದರುಗಳಿಗೆ ಬಂದವು. 2014ರ ಏಪ್ರಿಲ್‌ನಿಂದ ಮ್ಯಾನ್ಮಾರ್ ದಿಮ್ಮಿ ರಫ್ತನ್ನೇ ನಿಷೇಧಿಸಿದಾಗ ವ್ಯಾಪಾರಿಗಳು ಬೇರೆ ಖಂಡ ಹುಡುಕಿಕೊಂಡರು. ಒಂದು ದೇಶದ ನಿಷೇಧ ಇನ್ನೊಂದು ದೇಶದ ಕಾಡಿಗೆ ಬಿಲ್ ಕಳಿಸುತ್ತದೆ.

ಹಾಗಾದರೆ ಕಾಡನ್ನು ಉಳಿಸಿಕೊಂಡೇ ಮರ ಪಡೆಯಲು ಸಾಧ್ಯವೇ? ಸುಮಾರು ನಲವತ್ತು ವರ್ಷಗಳಿಂದ ಜಗತ್ತು ಇದಕ್ಕೆ ಬಗೆಬಗೆಯ ಹತಾರಗಳನ್ನು ಬಳಸಿ ನೋಡಿದೆ: ಕಡಿತದ ನಿಯಮ, ಗುತ್ತಿಗೆ, ರಹದಾರಿ (ಮರ ಸಾಗಿಸುವ ಪರವಾನಗಿ), ರಫ್ತು ನಿಷೇಧ, ಆಮದು ತಪಾಸಣೆ, ಪ್ರಮಾಣಪತ್ರ. ಯಾವುದನ್ನು ನೋಡುವಾಗಲೂ ನಾನು ಮೊದಲು ಕೇಳಿಕೊಳ್ಳುವುದು ಈ ಮರ ನಿಂತಿದ್ದರೆ ಯಾರಿಗೆ ಲಾಭ ಎಂದು. ಅದಕ್ಕೆ ಉತ್ತರ ಇಲ್ಲದ ಕಡೆ ಎಂಥ ಕಾನೂನೂ ಕಾಗದದಲ್ಲೇ ಉಳಿದಿದೆ.

ಕೂಪಿನ ಲೆಕ್ಕ

ಉಷ್ಣವಲಯದ ಮಳೆಕಾಡಿನಲ್ಲಿ ಒಂದು ಹೆಕ್ಟೇರಿಗೆ ನೂರಕ್ಕೂ ಹೆಚ್ಚು ಜಾತಿಯ ಮರ ಸಿಗುವುದು ಸಾಮಾನ್ಯ. ಮಾರುಕಟ್ಟೆಗೆ ಬೇಕಾದವು ಅವುಗಳಲ್ಲಿ ನಾಲ್ಕಾರು ಜಾತಿ ಮಾತ್ರ. ಹಾಗಾಗಿ ಕೂಪಿನಲ್ಲಿ, ಅಂದರೆ ಕಡಿತಕ್ಕೆ ಗುರುತಿಸಿದ ಕಾಡಿನ ತುಂಡಿನಲ್ಲಿ, ನಾಟಾ ಕಂಪನಿ ಕಾಡನ್ನು ಬೋಳಿಸುವುದಿಲ್ಲ, ಆರಿಸಿ ಕಡಿಯುತ್ತದೆ. ಬ್ರೆಜಿಲ್‌ನ ಅಮೆಜಾನ್‌ನಲ್ಲಿ ಯಂತ್ರ ಬಳಸಿ ಕಡಿಯುವವರಿಗೆ ಹೆಕ್ಟೇರಿಗೆ ಗರಿಷ್ಠ 30 ಘನ ಮೀಟರ್ ಎಂಬ ಮಿತಿಯಿದೆ. ಅಷ್ಟು ತೆಗೆದ ಮೇಲೆ ಅದೇ ಜಾಗಕ್ಕೆ ಮತ್ತೆ ಕೊಡಲಿ ಹಾಕಲು 35 ವರ್ಷ ಕಾಯಬೇಕು. ಪ್ರತಿ ಜಾತಿಯಲ್ಲೂ ಬೀಜಕ್ಕೆಂದು ಕೆಲವು ತಾಯಿಮರಗಳನ್ನು ಬಿಡಬೇಕು. ಇಂಡೊನೇಷ್ಯಾದಲ್ಲೂ ಇಂಥದ್ದೇ ಪದ್ಧತಿ: ಇಷ್ಟು ದಪ್ಪಕ್ಕಿಂತ ಕಡಿಮೆಯ ಮರ ಮುಟ್ಟಬಾರದು, ಇಷ್ಟು ವರ್ಷ ಮರಳಿ ಬರಬಾರದು.

ಕಾಡಿನ ಹಾಳು ಕಡಿದ ಮರದಿಂದ ಆಗುವುದಕ್ಕಿಂತ ಕಡಿದ ರೀತಿಯಿಂದ ಆಗುವುದು ಹೆಚ್ಚು. ಒಂದು ದೊಡ್ಡ ಮರ ಬೀಳುವಾಗ ಅದಕ್ಕೆ ಸುತ್ತಿದ ಬಳ್ಳಿಗಳು ಪಕ್ಕದ ಮರಗಳನ್ನೂ ಎಳೆದು ಕೆಡವುತ್ತವೆ. ದಿಮ್ಮಿ ಎಳೆಯಲು ಬುಲ್ಡೋಜರ್ ದಿಕ್ಕುದೆಸೆಯಿಲ್ಲದೆ ಓಡಾಡಿದರೆ ಸಸಿಗಳೂ ಹೋದವು, ಮಣ್ಣೂ ಗಟ್ಟಿಯಾಯಿತು. ಕೆಲವು ತಿಂಗಳು ಮುಂಚೆಯೇ ಬಳ್ಳಿ ಕತ್ತರಿಸಿಡುವುದು, ಮರ ಯಾವ ಕಡೆ ಬೀಳಬೇಕೆಂದು ಮೊದಲೇ ನಿಶ್ಚಯಿಸಿ ಗರಗಸ ಹಾಕುವುದು, ಎಳೆಯುವ ದಾರಿಯನ್ನು ನಕ್ಷೆಯಲ್ಲಿ ಗುರುತಿಸಿಕೊಳ್ಳುವುದು: ಇಷ್ಟರಿಂದಲೇ ಹಾನಿ ತುಂಬ ತಗ್ಗುತ್ತದೆ. ಇದು ರಹಸ್ಯ ವಿದ್ಯೆಯೇನಲ್ಲ, ಅರಣ್ಯಶಾಸ್ತ್ರದ ಪಠ್ಯದಲ್ಲಿದೆ.

ಆದರೂ ಪಾಲಿಸುವವರು ಕಡಿಮೆ, ಕಾರಣ ಲೆಕ್ಕಾಚಾರ. ಮುಂದಿನ ಫಸಲು ಮೂವತ್ತು ವರ್ಷದಾಚೆ, ಗುತ್ತಿಗೆ ಇಪ್ಪತ್ತು ವರ್ಷಕ್ಕೆ ಮುಗಿದರೆ ಸಸಿ ಉಳಿಸಿದ ಪುಣ್ಯ ಬೇರೆಯವನ ಖಾತೆಗೆ. ಸುಂಕ ಹಾಕುವ ಬಗೆಯೂ ಕಡಿಯುವ ಕೈಯನ್ನು ತಿದ್ದುತ್ತದೆ. ಹೊರಗೆ ಸಾಗಿಸಿದ ಪ್ರತಿ ಘನ ಮೀಟರಿಗೆ ರಾಜಸ್ವ ಎಂದರೆ ಗುತ್ತಿಗೆದಾರ ಉತ್ತಮ ತುಂಡನ್ನಷ್ಟೇ ಒಯ್ದು, ಸ್ವಲ್ಪ ಸೊಟ್ಟಗಿರುವುದನ್ನು ಅಲ್ಲೇ ಕೊಳೆಯಲು ಬಿಡುತ್ತಾನೆ. ಹೆಕ್ಟೇರಿಗೆ ಇಂತಿಷ್ಟು ಎಂದರೆ ಕೊಟ್ಟ ಹಣ ವಸೂಲಿಗೆ ಸಿಕ್ಕಿದ್ದೆಲ್ಲ ಕಡಿಯುತ್ತಾನೆ. ದರ ತೀರಾ ಕಡಿಮೆಯಿದ್ದರಂತೂ ಕಾಡಿಗೆ ಬೆಲೆಯೇ ಇಲ್ಲ ಎಂದಾಗುತ್ತದೆ. ಇದಕ್ಕೆ ದೂರ ಹೋಗಬೇಕಿಲ್ಲ. 1950ರ ದಶಕದ ಕೊನೆಯಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆಗೆ ಉತ್ತರ ಕನ್ನಡದ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಗೆ ಸಿಗುತ್ತಿತ್ತು. ಅದೇ ಬಿದಿರಿನಿಂದ ಬುಟ್ಟಿ, ಮೊರ ಹೆಣೆದು ಬದುಕುವ ಮೇದರು ಪೇಟೆ ಬೆಲೆ ತೆರುತ್ತಿದ್ದರು. ಒಂದೂವರೆ ರೂಪಾಯಿಯ ವಸ್ತುವನ್ನು ಜೋಪಾನ ಮಾಡಿ ಬೆಳೆಸುವ ಕಾರ್ಖಾನೆ ಎಲ್ಲಿದೆ? ಬಿದಿರು ಖಾಲಿಯಾಯಿತು.

ಕಾಗದದ ಮೇಲೆ ಬೆಳೆಯುವ ಮರ

ನಿಯಮ ಇದ್ದರೆ ಸಾಲದು, ಗರಗಸದ ಕಾರ್ಖಾನೆಗೆ ಬಂದ ದಿಮ್ಮಿ ನಿಯಮದ ಕಾಡಿನಿಂದಲೇ ಬಂದಿದೆ ಎಂದು ಗೊತ್ತಾಗುವುದು ಹೇಗೆ? ನಮ್ಮಲ್ಲಿ ಇದಕ್ಕೆ ಬ್ರಿಟಿಷರ ಕಾಲದಿಂದ ಬಂದ ಉತ್ತರ ಇದೆ: ದಿಮ್ಮಿಯ ತುದಿಗೆ ಇಲಾಖೆ ಸುತ್ತಿಗೆಯಿಂದ ಒತ್ತುವ ಹ್ಯಾಮರ್ ಮಾರ್ಕ್, ಲಾರಿಯ ಜೊತೆಗೆ ರಹದಾರಿ. ಬ್ರೆಜಿಲ್ 2006ರಲ್ಲಿ ಇದನ್ನೇ ಕಂಪ್ಯೂಟರಿಗೆ ತಂದಿತು. ಪ್ರತಿ ಸಾಗಣೆಗೂ ಮೂಲದ ದಾಖಲೆ, ಆನ್‌ಲೈನ್ ಖಾತೆಯಲ್ಲಿ ಘನ ಮೀಟರಿನ ಜಮಾ ಖರ್ಚು.

ಇಪೆ ಎಂಬ ಮರದ ಕತೆ ಈ ವ್ಯವಸ್ಥೆಯ ದೌರ್ಬಲ್ಯವನ್ನು ಬಿಚ್ಚಿಡುತ್ತದೆ. ಇಪೆ ಕಬ್ಬಿಣದಂಥ ಗಟ್ಟಿ ಮರ, ಮಳೆ ಬಿಸಿಲಿಗೆ ಜಗ್ಗುವುದಿಲ್ಲ. ಅಮೆರಿಕ, ಯುರೋಪಿನ ಮನೆಗಳ ಹೊರಜಗಲಿಗೆ ಅದೇ ಬೇಕು. ಕಾಡಿನಲ್ಲಿ ಅದು ವಿರಳ, ಹತ್ತಾರು ಹೆಕ್ಟೇರ್ ಸುತ್ತಿದರೂ ದೊಡ್ಡ ಮರ ಒಂದೆರಡು ಸಿಕ್ಕರೆ ಹೆಚ್ಚು. ಪರವಾನಗಿ ಕೇಳುವಾಗ ಕಂಪನಿ ತನ್ನ ಜಾಗದ ಒಂದೊಂದು ಮರವನ್ನೂ ನಂಬರ್ ಹಾಕಿ, ಜಾತಿ, ಸುತ್ತಳತೆ, ಎತ್ತರ ಬರೆದ ಪಟ್ಟಿ ಕೊಡಬೇಕು. ಮೋಸ ಶುರುವಾಗುವುದು ಈ ಪಟ್ಟಿಯಲ್ಲೇ. ಬೆಲೆಯಿಲ್ಲದ ಯಾವುದೋ ಮರವನ್ನು ಇಪೆ ಎಂದು ಬರೆಯುವುದು, ಇರುವ ಇಪೆಯನ್ನು ದಪ್ಪ ಮಾಡಿ ಬರೆಯುವುದು, ಇಲ್ಲದ ಮರಕ್ಕೂ ನಂಬರ್ ಕೊಡುವುದು. ಇಲಾಖೆ ಒಪ್ಪಿಗೆ ಕೊಟ್ಟೊಡನೆ ಆ ಇಲ್ಲದ ಮರಗಳೆಲ್ಲ ಖಾತೆಯಲ್ಲಿ ಜಮಾ ಆಗುತ್ತವೆ. ನಂತರ ಆದಿವಾಸಿ ಪ್ರದೇಶದಿಂದಲೋ ರಕ್ಷಿತ ಅರಣ್ಯದಿಂದಲೋ ಕದ್ದು ಕಡಿದ ನಿಜವಾದ ಇಪೆಗೆ ಈ ಸುಳ್ಳು ಮರದ ನಂಬರ್ ಅಂಟಿಸಿದರಾಯಿತು. ಸಾಮಿಲ್ಲಿನಲ್ಲಿ ಯಾರೇ ತಪಾಸಣೆಗೆ ಬಂದರೂ ಕಾಗದ ಪಕ್ಕಾ. ಬ್ರೆಜಿಲ್ಲಿನ ಪಾರಾ ರಾಜ್ಯದ ಪರವಾನಗಿಗಳನ್ನು ಕಾಡಿನ ನಿಜವಾದ ಸಮೀಕ್ಷೆಯೊಂದಿಗೆ ತಾಳೆ ನೋಡಿದ ವಿಜ್ಞಾನಿಗಳು 2018ರಲ್ಲಿ ತೋರಿಸಿದ್ದು ಇದನ್ನೇ: ಕಾಗದದ ಕಾಡಿನಲ್ಲಿ ಇಪೆ ನಂಬಲಾಗದಷ್ಟು ದಟ್ಟವಾಗಿತ್ತು. 2024ರ ನವೆಂಬರಿನಿಂದ ಇಪೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ, ಅಳಿವಿನ ಭೀತಿಯಲ್ಲಿರುವ ಜೀವಜಾತಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪರವಾನಗಿ ಬೇಕು. ಆದರೆ ಸೈಟಿಸ್ ಪರವಾನಗಿ ನಿಂತಿರುವುದೂ ಅದೇ ಮೂಲ ಪಟ್ಟಿಯ ಮೇಲೆ. ಕಾಡಿಗೆ ಹೋಗಿ ಹತ್ತು ಮರಕ್ಕೆ ಟೇಪು ಹಿಡಿದು ನೋಡುವ ಒಬ್ಬ ಪ್ರಾಮಾಣಿಕ ಅಧಿಕಾರಿ ಮಾಡುವ ಕೆಲಸವನ್ನು ಯಾವ ಸರ್ವರ್ ಕೂಡ ಮಾಡಲಾರದು.

ಕೊಳ್ಳುವವರ ಬಾಗಿಲಲ್ಲಿ ಕಾವಲು

ಬೆಳೆಯುವ ದೇಶ ಕಾಯದಿದ್ದರೆ ಕೊಳ್ಳುವ ದೇಶ ಕಾಯಲಿ ಎಂಬ ವಾದ ಹಳೆಯದು. ಜಪಾನಿನ ಯೊಕೊಹಾಮಾದಲ್ಲಿ 1986ರಿಂದ ಅಂತರರಾಷ್ಟ್ರೀಯ ಉಷ್ಣವಲಯ ನಾಟಾ ಸಂಸ್ಥೆ ಇದೆ, ಭಾರತವೂ ಅದರ ಸದಸ್ಯ. ಉತ್ಪಾದಕ ದೇಶಗಳಿಗೆ ಒಟ್ಟು ಸಾವಿರ ಮತ, ಕೊಳ್ಳುವ ದೇಶಗಳಿಗೆ ಸಾವಿರ. 2000ನೇ ಇಸವಿಯೊಳಗೆ ರಫ್ತಾಗುವ ಉಷ್ಣವಲಯದ ಮರವೆಲ್ಲ ಸುಸ್ಥಿರ ಕಾಡಿನಿಂದಲೇ ಬರಬೇಕು ಎಂದು ಅದು ಗುರಿ ಇಟ್ಟುಕೊಂಡಿತು. ಗುರಿ ತಲುಪಲಿಲ್ಲ, ಸಂಸ್ಥೆ ಈಗಲೂ ಇದೆ. ಆಸ್ಟ್ರಿಯಾ 1992ರಲ್ಲಿ ಒಂಟಿಯಾಗಿ ಧೈರ್ಯ ಮಾಡಿ, ಉಷ್ಣವಲಯದ ಮರಕ್ಕೆ ಗುರುತಿನ ಚೀಟಿ ಕಡ್ಡಾಯ ಎಂದು ಕಾನೂನು ತಂದಿತು. ನಮ್ಮ ಮರಕ್ಕೆ ಮಾತ್ರ ಚೀಟಿ, ನಿಮ್ಮ ಪೈನ್ ಮರಕ್ಕೆ ಯಾಕಿಲ್ಲ ಎಂದು ಮಲೇಷಿಯಾ, ಇಂಡೊನೇಷ್ಯಾ ಸಿಡಿದೆದ್ದವು. ವ್ಯಾಪಾರ ಬಹಿಷ್ಕಾರದ ಬೆದರಿಕೆಗೆ ಮರುವರ್ಷವೇ ಆಸ್ಟ್ರಿಯಾ ಹಿಂದೆ ಸರಿಯಿತು. ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು.

ಅಮೆರಿಕ ಬೇರೆ ದಾರಿ ಹಿಡಿಯಿತು. ಅಕ್ರಮವಾಗಿ ಹಿಡಿದ ವನ್ಯಜೀವಿಗಳ ವ್ಯಾಪಾರ ತಡೆಯುವ 1900ರ ಲೇಸಿ ಕಾಯ್ದೆಗೆ 2008ರಲ್ಲಿ ಮರಗಿಡಗಳನ್ನೂ ಸೇರಿಸಿತು. ಇದರ ತಿರುಳು ಕುತೂಹಲಕಾರಿ: ಮರ ಕಡಿದ ದೇಶದ ಕಾನೂನು ಮುರಿದಿದ್ದರೆ, ಆ ಮರವನ್ನು ಅಮೆರಿಕದಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಅಂದರೆ ನಮ್ಮ ವಿದೇಶ ವ್ಯಾಪಾರದ ಅಧಿಸೂಚನೆಯೊಂದು ಅಮೆರಿಕದ ಟೆನೆಸಿ ರಾಜ್ಯದಲ್ಲಿ ಫೆಡರಲ್ ಅಧಿಕಾರಿಗಳಿಗೆ ಕೆಲಸ ಹಚ್ಚಬಹುದು. ಹಚ್ಚಿತು ಕೂಡ. ಗಿಬ್ಸನ್ ಗಿಟಾರ್ ಕಂಪನಿಯ ಮೇಲೆ 2009ರಲ್ಲಿ ಮಡಗಾಸ್ಕರ್‌ನ ಕರಿಮರಕ್ಕಾಗಿ ದಾಳಿ ನಡೆದರೆ, 2011ರ ದಾಳಿ ಭಾರತದಿಂದ ಹೋದ ಬೀಟೆ ಮತ್ತು ಕರಿಮರದ ಪಟ್ಟಿಗಳಿಗಾಗಿ. ಗಿಟಾರಿನ ಕತ್ತಿನ ಮೇಲೆ ಬೆರಳಾಡುವ ತೆಳು ಪಟ್ಟಿ ಅದು. ಅದನ್ನು ಕೊಯ್ದ ಹಲಗೆ ಎನ್ನಬೇಕೋ, ವಾದ್ಯದ ಬಿಡಿಭಾಗ ಎನ್ನಬೇಕೋ? ಹಲಗೆಯಾದರೆ ಭಾರತದಿಂದ ರಫ್ತು ನಿಷಿದ್ಧ, ಬಿಡಿಭಾಗವಾದರೆ ಸರಿ. 2012ರಲ್ಲಿ ಕಂಪನಿ ಮಡಗಾಸ್ಕರ್ ವಿಷಯಕ್ಕೆ 3 ಲಕ್ಷ ಡಾಲರ್ ದಂಡ ಕಟ್ಟಿತು. ಭಾರತದ ಪಟ್ಟಿಗಳ ವರ್ಗೀಕರಣದಲ್ಲಿ ಗೊಂದಲ ಇದೆ ಎಂದು ಎರಡೂ ಕಡೆಯವರು ಒಪ್ಪಿಕೊಂಡರು. ಕಾನೂನು ಬರೆಯುವಾಗ ಒಂದು ಸುಂಕದ ಸಂಖ್ಯೆ ಅಸ್ಪಷ್ಟವಾದರೂ ಮರ ನ್ಯಾಯಾಲಯದ ಮೆಟ್ಟಿಲು ಹತ್ತುತ್ತದೆ.

ಯುರೋಪಿನದು ಇನ್ನೂ ದೀರ್ಘ ಯೋಜನೆ. ಅಕ್ರಮ ನಾಟಾ ಮಾರುಕಟ್ಟೆಗೆ ಬಿಡುವುದನ್ನು ನಿಷೇಧಿಸಿದ ನಿಯಮ 2013ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಜೊತೆಗೆ ಉತ್ಪಾದಕ ದೇಶಗಳಿಗೆ ಒಂದು ಆಮಿಷ: ನಿಮ್ಮ ಇಡೀ ದೇಶದ ತಪಾಸಣಾ ವ್ಯವಸ್ಥೆಯನ್ನು ಸರಿಪಡಿಸಿ, ನೀವು ಕೊಟ್ಟ ಲೈಸೆನ್ಸನ್ನೇ ನಾವು ನಂಬುತ್ತೇವೆ. ಇಂಡೊನೇಷ್ಯಾ ಇದನ್ನು ಗಂಭೀರವಾಗಿ ತೆಗೆದುಕೊಂಡು 2009ರಲ್ಲಿ ತನ್ನದೇ ನಾಟಾ ಪರಿಶೀಲನಾ ವ್ಯವಸ್ಥೆ ರೂಪಿಸಿತು. ಸರ್ಕಾರ ನೇರವಾಗಿ ತಪಾಸಣೆ ಮಾಡುವುದಿಲ್ಲ, ಮಾನ್ಯತೆ ಪಡೆದ ಸ್ವತಂತ್ರ ಸಂಸ್ಥೆಗಳು ಮಾಡುತ್ತವೆ. ಅವುಗಳ ಮೇಲೆ ನಾಗರಿಕ ಸಂಘಟನೆಗಳು ಕಣ್ಣಿಡುತ್ತವೆ, ದೂರು ಕೊಡುವ ಹಕ್ಕು ಅವಕ್ಕಿದೆ. 2016ರ ನವೆಂಬರ್ 15ರಂದು ಜಗತ್ತಿನ ಮೊದಲ ಇಂಥ ಲೈಸೆನ್ಸ್ ಅಲ್ಲಿಂದ ಹೊರಟಿತು. ನಾಟಾ ಮಾಫಿಯಾಕ್ಕೆ ಕುಖ್ಯಾತವಾಗಿದ್ದ ದೇಶಕ್ಕೆ ಇದು ಸಣ್ಣ ಸಾಧನೆಯಲ್ಲ. ಆದರೆ 2020ರಲ್ಲಿ ಅಲ್ಲಿನ ವಾಣಿಜ್ಯ ಸಚಿವಾಲಯ ರಫ್ತಿಗೆ ಈ ಲೈಸೆನ್ಸೇ ಬೇಡ ಎಂದು ಆದೇಶ ಹೊರಡಿಸಿ, ಗಲಾಟೆಯಾದ ಮೇಲೆ ಕೆಲವೇ ತಿಂಗಳಲ್ಲಿ ಹಿಂತೆಗೆದುಕೊಂಡಿತು. ವ್ಯವಸ್ಥೆ ಎಷ್ಟು ತೆಳುವಾದ ದಾರದ ಮೇಲೆ ನಿಂತಿದೆ ಎಂದು ಆಗ ತಿಳಿಯಿತು.

ಇಲ್ಲೊಂದು ದೊಡ್ಡ ತೊಡಕಿದೆ. ಸಕ್ರಮ ಎಂದ ಮಾತ್ರಕ್ಕೆ ಸುಸ್ಥಿರ ಎಂದಲ್ಲ. ತಾಳೆಎಣ್ಣೆ ತೋಟ ಮಾಡಲು ಸರ್ಕಾರವೇ ಕಾಡು ತೆರವಿಗೆ ಅನುಮತಿ ಕೊಟ್ಟರೆ, ಅಲ್ಲಿಂದ ಬಂದ ಮರ ನೂರಕ್ಕೆ ನೂರು ಸಕ್ರಮ. ಕಾಡು ಮಾತ್ರ ಇಲ್ಲ.

ಆಫ್ರಿಕಾದ ಗ್ಯಾಬೊನ್ ಹಿಡಿದದ್ದು ಮೂರನೆಯ ದಾರಿ. ಶೇಕಡಾ 85ಕ್ಕಿಂತ ಹೆಚ್ಚು ಕಾಡಿರುವ ಈ ದೇಶ 2010ರಲ್ಲಿ ದಿಮ್ಮಿ ರಫ್ತನ್ನೇ ನಿಲ್ಲಿಸಿತು. ಮರ ಬೇಕಾದವರು ಇಲ್ಲೇ ಕಾರ್ಖಾನೆ ಹಾಕಿ, ಪ್ಲೈವುಡ್ಡಿನ ಪದರವಾಗಿ ಒಯ್ಯಿರಿ ಎಂದಿತು. ರಾಜಧಾನಿ ಲಿಬ್ರೆವಿಲ್ ಬಳಿಯ ಎನ್‌ಕೋಕ್ ಕೈಗಾರಿಕಾ ವಲಯದಲ್ಲಿ ಬಂಡವಾಳ ಹಾಕಿದವರಲ್ಲಿ ಭಾರತೀಯರೂ ಇದ್ದಾರೆ. ಕೆಲಸ ಹುಟ್ಟಿತು, ಒಂದು ಘನ ಮೀಟರ್ ಮರದಿಂದ ದೇಶಕ್ಕೆ ಸಿಗುವ ಹಣ ಹೆಚ್ಚಿತು, ಕಾಡು ಬಹುಮಟ್ಟಿಗೆ ಉಳಿದಿದೆ. ಹಾಗೆಂದು ಕಳ್ಳರು ಸನ್ಯಾಸ ತೆಗೆದುಕೊಳ್ಳಲಿಲ್ಲ. ಕಡಿಯುವುದೇ ನಿಷಿದ್ಧವಾದ ಕೆವಾಜಿಂಗೊ ಮರ ತುಂಬಿದ 353 ಕಂಟೇನರ್‌ಗಳು 2019ರಲ್ಲಿ ಬಂದರಿನಿಂದ ಮಾಯವಾದವು. ಉಪಾಧ್ಯಕ್ಷರೂ ಅರಣ್ಯ ಸಚಿವರೂ ಕುರ್ಚಿ ಕಳೆದುಕೊಂಡರು.

ಪ್ರಮಾಣಪತ್ರದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. 1992ರ ರಿಯೊ ಶೃಂಗಸಭೆ ಕಾಡಿನ ಬಗ್ಗೆ ಬದ್ಧತೆಯ ಒಪ್ಪಂದ ಮಾಡಲಾಗದೆ ಕೈಚೆಲ್ಲಿದ ಮೇಲೆ, 1993ರಲ್ಲಿ ಎಫ್‌ಎಸ್‌ಸಿ (ಫಾರೆಸ್ಟ್ ಸ್ಟೀವರ್ಡ್‌ಶಿಪ್ ಕೌನ್ಸಿಲ್) ಎಂಬ ಪ್ರಮಾಣೀಕರಣ ಸಂಸ್ಥೆ ಹುಟ್ಟಿತು. ಒಳ್ಳೆಯ ಕಾಡಿಗೆ ಮುದ್ರೆ, ಮುದ್ರೆ ಇರುವ ಮರಕ್ಕೆ ಒಳ್ಳೆಯ ಬೆಲೆ ಎಂಬ ಲೆಕ್ಕ. ಉಷ್ಣವಲಯದ ಕಾಡು ಉಳಿಸಲು ಹುಟ್ಟಿದ ಈ ಮುದ್ರೆಯ ಬಹುಪಾಲು ಬಿದ್ದಿರುವುದು ಕೆನಡಾ, ಯುರೋಪಿನಂಥ ತಣ್ಣನೆಯ ದೇಶಗಳ ಕಾಡಿಗೆ.

ಊರಿನವರ ಕೈಗೆ ಕೊಟ್ಟಾಗ

ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಉತ್ತರ ಭಾಗದಲ್ಲಿ ಪೆಟೆನ್ ಪ್ರದೇಶವಿದೆ. 1990ರಲ್ಲಿ ಅಲ್ಲಿ ಮಾಯಾ ಜೀವಗೋಲ ಮೀಸಲು ಘೋಷಣೆಯಾಯಿತು. ಒಂದು ಭಾಗ ರಾಷ್ಟ್ರೀಯ ಉದ್ಯಾನ, ಅಲ್ಲಿ ಮರ ಕಡಿಯುವಂತಿಲ್ಲ. ಇನ್ನೊಂದು ಭಾಗವನ್ನು ಊರಿನವರಿಗೇ 25 ವರ್ಷದ ಗುತ್ತಿಗೆಗೆ ಕೊಟ್ಟರು. ಷರತ್ತು: ಎಫ್‌ಎಸ್‌ಸಿ ಪ್ರಮಾಣಪತ್ರ ಪಡೆಯಬೇಕು, ಕಾಡು ಕಡಿದು ಹೊಲ ಮಾಡಬಾರದು. ಕಾರ್ಮೆಲಿತಾ, ವಾಶಾಕ್ತೂನ್‌ನಂಥ ಊರುಗಳು ಮಹಾಗನಿ ಮರವನ್ನು ಲೆಕ್ಕ ಹಾಕಿ ಕಡಿದು ತಮ್ಮದೇ ಸಾಮಿಲ್ಲಿನಲ್ಲಿ ಕೊಯ್ದು ಮಾರಿದವು. ಹೂಗುಚ್ಛಕ್ಕೆ ಬಳಸುವ ಶಾತೆ ಎಂಬ ತಾಳೆಯ ಎಲೆ, ಚ್ಯೂಯಿಂಗ್ ಗಮ್ಮಿನ ಚಿಕ್ಲೆ ಅಂಟು, ಪ್ರವಾಸಿಗರು: ಎಲ್ಲದರಿಂದಲೂ ಆದಾಯ. ಕೆಲವು ಗುತ್ತಿಗೆಗಳಲ್ಲಿ ದನದ ದಂಧೆ ನುಗ್ಗಿ ರದ್ದಾದವು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ನಡೆಯುತ್ತಿರುವ ಗುತ್ತಿಗೆಗಳಲ್ಲಿ ಅರಣ್ಯನಾಶ ಸೊನ್ನೆಯ ಹತ್ತಿರ. ಅದೇ ಮೀಸಲಿನಲ್ಲಿ, ಕಡಿತವನ್ನೇ ನಿಷೇಧಿಸಿದ ಲಗುನಾ ದೆಲ್ ತಿಗ್ರೆ ಉದ್ಯಾನದ ದೊಡ್ಡ ಭಾಗ ಬೆಂಕಿಗೂ ದನಗಳ ಮೇವಿಗೂ ಹೋಯಿತು. ಅಲ್ಲಿ ಕಾಯುವವರಿಗೆ ಸಂಬಳ ಮಾತ್ರ ಇತ್ತು, ಪಾಲು ಇರಲಿಲ್ಲ.

ಇದರ ತದ್ವಿರುದ್ಧ ಪಾಠ ನಮ್ಮ ಮನೆಯಂಗಳದಲ್ಲೇ ಇದೆ. ಟಿಪ್ಪುವಿನ ಕಾಲದಲ್ಲಿ, 1792ರಲ್ಲಿ, ಶ್ರೀಗಂಧ ರಾಜವೃಕ್ಷವಾಯಿತು. ಆಮೇಲೆ ಬಂದ ಬ್ರಿಟಿಷರು, ಮೈಸೂರು ಅರಸರು, ಕರ್ನಾಟಕ ಸರ್ಕಾರ ಯಾರೂ ಅದನ್ನು ಬಿಟ್ಟುಕೊಡಲಿಲ್ಲ. ಹೊಲ ರೈತನದು, ಬೇಲಿಯಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಎದ್ದ ಗಂಧದ ಮರ ಸರ್ಕಾರದ್ದು. ಕಳುವಾದರೆ ವಿಚಾರಣೆಗೆ ನಿಲ್ಲಬೇಕಾದವನೂ ಅದೇ ರೈತ. ಸಸಿ ಕಂಡೊಡನೆ ಕಿತ್ತೆಸೆಯುವುದೇ ಕ್ಷೇಮ ಎನಿಸಿದ್ದರಲ್ಲಿ ತಪ್ಪೇನು? ಸ್ಪೈಕ್ ರೋಗವೂ ಕಳ್ಳಸಾಗಣೆಯೂ ಗಂಧವನ್ನು ತಿಂದವು. ಅದರ ಜೊತೆಗೆ, ಹೊಸ ಮರ ಬೆಳೆಸುವ ಆಸೆಯನ್ನು ಕಾನೂನೇ ತಿಂದಿತ್ತು. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ ಜಮೀನಿನ ಗಂಧ ಜಮೀನುದಾರನದೇ ಆಯಿತು. ಅಷ್ಟು ಹೊತ್ತಿಗೆ ಪಶ್ಚಿಮ ಆಸ್ಟ್ರೇಲಿಯಾದ ಕುನುನುರಾ ಸುತ್ತ ನಮ್ಮದೇ ಶ್ರೀಗಂಧದ ನೆಡುತೋಪುಗಳು ಏಳತೊಡಗಿದ್ದವು. ಈಗ ಇಲ್ಲೂ ತೊಗರಿ ಸಾಲಿನ ನಡುವೆ ಗಂಧ ನೆಟ್ಟ ರೈತರು ಬೇಕಾದಷ್ಟಿದ್ದಾರೆ. ಹೆಸರಿಗೆ ಮಾಲೀಕರು, ಆದರೆ ಕಡಿಯಲು ಅನುಮತಿ ಬೇಕು, ಮಾರಲು ಬಹುಕಾಲ ಸರ್ಕಾರಿ ದಾರಿಯೇ ಬೇಕಿತ್ತು, ರಾತ್ರಿ ಕಾಯುವುದು ಮಾತ್ರ ಸ್ವಂತ ಖರ್ಚು.

ಕೊಡಗಿನ ಕಾಫಿ ತೋಟಗಳಲ್ಲಿ ಇದೇ ಕತೆ ಇನ್ನಷ್ಟು ಸೂಕ್ಷ್ಮವಾಗಿ ನಡೆದಿದೆ. ಅಲ್ಲಿ ಜಮೀನು ‘ರಿಡೀಮ್ಡ್’ ಮತ್ತು ‘ಅನ್‌ರಿಡೀಮ್ಡ್’ ಎಂದು ಎರಡು ಬಗೆ. ಎರಡನೆಯದರಲ್ಲಿ ತಾನಾಗಿ ಬೆಳೆದ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿರುವುದಿಲ್ಲ, ಹಾಗಾಗಿ ಮರದ ಮೇಲಿನ ಹಕ್ಕು ಸರ್ಕಾರದ್ದೇ. ಹಕ್ಕಿರುವ ಜಮೀನಿನಲ್ಲೂ ಬೀಟೆ, ಹೊನ್ನೆ, ನಂದಿ ಕಡಿಯಬೇಕೆಂದರೆ 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅರ್ಜಿ, ಪರಿಶೀಲನೆ, ಓಡಾಟ. ಸಿಲ್ವರ್ ಓಕ್‌ಗೆ ಈ ಯಾವ ತಾಪತ್ರಯವೂ ಇಲ್ಲ. ಆಸ್ಟ್ರೇಲಿಯಾ ಮೂಲದ ಮರ, ಕಾಯ್ದೆಯ ವಿನಾಯಿತಿ ಪಟ್ಟಿಯಲ್ಲಿದೆ. ನೆಟ್ಟಗೆ ಬೇಗ ಬೆಳೆಯುತ್ತದೆ, ಕಾಳುಮೆಣಸು ಹಬ್ಬಿಸಲು ಆಗುತ್ತದೆ, ಮಗಳ ಮದುವೆಗೆ ದುಡ್ಡು ಬೇಕಾದಾಗ ಕಡಿದು ಮಾರಬಹುದು. ಕಾಡುಮರ ಉಳಿಸಲೆಂದು ಬರೆದ ಕಾನೂನು, ಕಾಡುಮರ ಸತ್ತ ಜಾಗದಲ್ಲಿ ಸಿಲ್ವರ್ ಓಕ್ ನೆಡುವುದೇ ಜಾಣತನ ಎಂದು ಬೆಳೆಗಾರನಿಗೆ ಕಲಿಸಿತು. ಯಾರ ದುರುದ್ದೇಶವೂ ಇದರಲ್ಲಿಲ್ಲ. ನಿಂತ ಬೀಟೆಯಿಂದ ಅವನಿಗೆ ಏನೂ ಇಲ್ಲ, ನಿಂತ ಸಿಲ್ವರ್ ಓಕ್‌ನಿಂದ ಇದೆ.

ಈಗ ಅದೇ ತೋಟಗಳಿಗೆ ಯುರೋಪಿನ ಹೊಸ ನಿಯಮ ಬಂದು ಮುಟ್ಟಿದೆ. 2023ರಲ್ಲಿ ಬಂದ ಅರಣ್ಯನಾಶ ತಡೆ ನಿಯಮ ನಾಟಾದ ಜೊತೆಗೆ ಕಾಫಿ, ಕೋಕೋ, ರಬ್ಬರ್, ಸೋಯಾ, ತಾಳೆಎಣ್ಣೆ, ದನ ಇವಕ್ಕೂ ಅನ್ವಯ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದನ್ನು ಯುರೋಪಿನಲ್ಲಿ ಮಾರುವಂತಿಲ್ಲ. ಬರಿಯ ಸಕ್ರಮ ಸಾಲದು ಎಂಬ ಮಾತು ಕೊನೆಗೂ ಕಾನೂನಾಯಿತು. ಪ್ರತಿ ಚೀಲ ಕಾಫಿಯ ಹಿಂದೆ ತೋಟದ ಅಕ್ಷಾಂಶ ರೇಖಾಂಶ ಇರಬೇಕು. ನಾಲ್ಕು ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಸುತ್ತಲಿನ ಗಡಿಯ ನಕ್ಷೆಯೇ ಬೇಕು. ಜಾರಿಯ ದಿನ ಎರಡು ಬಾರಿ ಮುಂದೆ ಹೋಗಿ 2026ರ ಕೊನೆಗೆ ಬಂದಿದೆ. ದೇಶದ ಕಾಫಿಯ ಸುಮಾರು ಶೇಕಡಾ 70 ಕರ್ನಾಟಕದ್ದು, ಅದರಲ್ಲಿ ಬಹಳಷ್ಟು ಹೋಗುವುದು ಇಟಲಿ, ಜರ್ಮನಿಗೆ. ಹಾಗಾಗಿ ಕಾಫಿ ಮಂಡಳಿ ಬೆಳೆಗಾರರ ನೋಂದಣಿಗೆ ಇಳಿದಿದೆ.

ಹೆಚ್ಚಿನ ಬೆಳೆಗಾರರು ಇದರಲ್ಲಿ ಸುಲಭವಾಗಿ ಪಾಸಾಗುತ್ತಾರೆ, ತೋಟಗಳು ಹಳೆಯವು. ಆದರೆ ನಿಯಮದ ವ್ಯಾಖ್ಯೆಯಲ್ಲಿ ಮರದ ನೆರಳಿನ ಕಾಫಿ ತೋಟ ಕಾಡಲ್ಲ, ಕೃಷಿಭೂಮಿ. ಒಬ್ಬ ಬೆಳೆಗಾರ ಇಪ್ಪತ್ತು ಜಾತಿಯ ಕಾಡುಮರ ಉಳಿಸಿಕೊಂಡಿದ್ದಾನೆ, ಪಕ್ಕದವನು ಎಲ್ಲ ತೆಗೆದು ಸಾಲಾಗಿ ಸಿಲ್ವರ್ ಓಕ್ ನಿಲ್ಲಿಸಿದ್ದಾನೆ ಎಂದುಕೊಳ್ಳಿ. ಯುರೋಪ್ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನ ಪಟ್ಟಿಯಲ್ಲಿ ಇಬ್ಬರೂ ಒಂದೇ, ಇಬ್ಬರ ಕಾಫಿಗೂ ಒಂದೇ ದರ. ಬೆಂಗಳೂರಿನ ಅರಣ್ಯ ಭವನದ ಕಡತದಲ್ಲಿ ಮಾತ್ರ ವ್ಯತ್ಯಾಸವಿದೆ: ಮೊದಲನೆಯವನು ಬಿದ್ದ ನಂದಿ ಮರವನ್ನು ಸಾಗಿಸಲು ಈಗಲೂ ರಹದಾರಿಗೆ ಅರ್ಜಿ ಹಾಕಬೇಕು.